ಕೈಹಗ್ಗ

"ಗುರುಗಳೇ, ಕಷ್ಟದಲ್ಲಿ ದೇವರು ನಮ್ಮ ಜೊತೆಗೇ ಇರ್ತಾರೆ ಅಂತ ನೀವು ಹೇಳಿಕೊಟ್ರಿ. ಆದ್ರೆ ಕಷ್ಟ ಬಂದ ದಿನದಿಂದಲೇ ಅವರು ಇರೋದು ನನಗೆ ಗೊತ್ತಾಗ್ತಾ ಇಲ್ವಲ್ಲ, ಯಾಕೆ?"

ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿದು ಜನ ಮನೆಗಳಿಗೆ ಹೋಗಿದ್ದರು. ದೇವಾಲಯದ ಜಗಲಿಯ ಮೇಲೆ ಗುರುಗಳು, ಶಿಷ್ಯ ಇಬ್ಬರೇ ಉಳಿದಿದ್ದರು. ಶಿಷ್ಯ ಉಪದೇಶಿಯಾಗಲು ಕಲಿಯುತ್ತಿದ್ದವನು. ಕೇರಿಯ ಮಕ್ಕಳಿಗೆ ಜಪ ಹೇಳಿಕೊಡುವ ಕೆಲಸ ಅವನದು. ಅವನ ತಂದೆಗೆ ಲಕ್ವ ಹೊಡೆದಿತ್ತು. ಅವರು ಹಾಸಿಗೆ ಹಿಡಿದ ಮೇಲೆ ಪುನರುತ್ಥಾನದ ಪಾಸ್ಕ ಹಬ್ಬ ಒಂದು ಕಳೆದು ಇನ್ನೊಂದು ಹತ್ತಿರ ಬಂದಿತ್ತು. ತೊಳೆಯುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಎಲ್ಲವನ್ನೂ ಮಗನೇ ಮಾಡುತ್ತಿದ್ದ.

ಅವನು ಕೊರಳಿನಿಂದ ಜಪಸರ ತೆಗೆದು ಗುರುಗಳ ಮುಂದೆ ಇಟ್ಟ. ಅದು ಅವರೇ ಕೊಟ್ಟದ್ದು.

"ಮೊದಲೆಲ್ಲ ಪ್ರಾರ್ಥನೆಗೆ ಕೂತರೆ ಒಳಗೆ ಒಂದು ಎಳೆತ ಇರೋದು. ಯಾರೋ ಕೇಳಿಸ್ಕೊಳ್ತಾ ಇದ್ದಾರೆ ಅನ್ನೋದು ಗೊತ್ತಾಗೋದು. ಈಗ ಗೋಡೆ ಜೊತೆ ಮಾತಾಡಿದ ಹಾಗೆ. ನನಗೇ ಸಿಗದೇ ಇರೋ ದೇವರನ್ನ ಮಕ್ಕಳಿಗೆ ಹೇಗೆ ತೋರಿಸ್ಲಿ? ನಾಳೆಯಿಂದ ನಾನು ಬರೋದಿಲ್ಲ."

ಗುರುಗಳಿಗೆ ಸಿಟ್ಟು ಬರಲಿಲ್ಲ. ಅವರು ಜಪಸರವನ್ನು ನೋಡಿದರು, ಶಿಷ್ಯನನ್ನು ನೋಡಿದರು.

"ದೇವರ ಮೇಲೆ ಮುನಿಸಿಕೊಂಡವನು ಬಲಿಪೂಜೆ ಮುಗಿಯುವ ತನಕ ಕಾದೆಯಲ್ಲ, ಅಷ್ಟಾದರೂ ಮರ್ಯಾದೆ ಉಳಿಸಿದೆ," ಎಂದು ನಕ್ಕರು. "ಈ ಪ್ರಶ್ನೆ ಕೇಳಿದ್ದಕ್ಕೆ ನಾಚಿಕೊಳ್ಳಬೇಡ. ನಮ್ಮ ಪ್ರಭುವೇ ಶಿಲುಬೆಯ ಮೇಲಿಂದ ಇದನ್ನು ಕೇಳಿದ್ದಾರೆ, ದೇವರೇ ನನ್ನನ್ನೇಕೆ ಕೈಬಿಟ್ಟೆ ಎಂದು. ಜಪಸರ ಅಲ್ಲೇ ಇರಲಿ. ನಾನೊಂದು ಕತೆ ಹೇಳುತ್ತೇನೆ. ಮುಗಿದ ಮೇಲೆ ಬೇಕಾದರೆ ಬಿಟ್ಟು ಹೋಗು."

ಗುರುಗಳು ಹೇಳಿದ ಕತೆ ಇದು.

ನಾನು ಬಾವಿ ತೋಡುವವರ ಮನೆಯಲ್ಲಿ ಹುಟ್ಟಿದವನು. ಇದನ್ನು ನಾನು ಮೆಲ್ಲಗೆ ಹೇಳುವವನಲ್ಲ, ಎದೆಯುಬ್ಬಿಸಿಯೇ ಹೇಳುತ್ತೇನೆ. ನಮ್ಮ ಸೀಮೆಗೆ ಹೊಳೆಯಿಲ್ಲ, ಕಾಲುವೆಯಿಲ್ಲ. ಅಲ್ಲಿ ಯಾರ ಮನೆಯ ಕೊಡದಲ್ಲಿ ನೀರಿದ್ದರೂ ಅದರಲ್ಲಿ ನಮ್ಮವರ ಬೆವರೂ ಇದೆ. ಕೇರಿಯ ನಡುವೆ ನಮ್ಮದೊಂದು ಪುಟ್ಟ ದೇವಾಲಯ. ಅದರ ಗೋಡೆಯ ಕಲ್ಲುಗಳು ಒಂದೇ ಬಣ್ಣದವಲ್ಲ. ಒಂದೊಂದು ಕಲ್ಲು ಒಂದೊಂದು ಬಾವಿಯಿಂದ ಬಂದದ್ದು. ಹೊರಗಿನವರಿಗೆ ಅದು ತೇಪೆ ಹಾಕಿದ ಅಂಗಿಯ ಹಾಗೆ ಕಾಣಬಹುದು. ನಮ್ಮವರು ಮಾತ್ರ ಯಾವ ಕಲ್ಲು ಯಾವ ಊರಿನ ಬಾವಿಯದು ಎಂದು ಕೈಯಿಟ್ಟು ತೋರಿಸುತ್ತಿದ್ದರು.

ಬಾವಿ ತೋಡುವಾಗ ಎರಡು ಹಗ್ಗ ಬೇಕು. ಒಂದು ದಪ್ಪ ಹಗ್ಗ. ಅದು ರಾಟೆಯ ಮೇಲೆ ಓಡುತ್ತದೆ. ಮಣ್ಣಿನ ಮಂಕರಿಯನ್ನು ಎತ್ತುವುದು ಅದೇ, ಸಂಜೆ ಮನುಷ್ಯನನ್ನು ಎತ್ತುವುದೂ ಅದೇ. ಇನ್ನೊಂದು ತೆಳ್ಳಗಿನ ಹಗ್ಗ. ಅದಕ್ಕೆ ಕೈಹಗ್ಗ ಎಂದು ಹೆಸರು. ಅದರ ಒಂದು ತುದಿಯನ್ನು ಕೆಳಗಿಳಿಯುವವನ ಎದೆಗೆ, ಕಂಕುಳ ಕೆಳಗೆ ಸುತ್ತಿ ಕಟ್ಟುತ್ತಾರೆ. ಇನ್ನೊಂದು ತುದಿ ಮೇಲೆ ಮೇಸ್ತ್ರಿಯ ಕೈಯಲ್ಲಿ ಇರುತ್ತದೆ.

ಕೈಹಗ್ಗಕ್ಕೆ ಒಬ್ಬ ಮನುಷ್ಯನನ್ನು ಎತ್ತುವ ಶಕ್ತಿ ಇಲ್ಲ. ಅದರ ಕೆಲಸ ಬೇರೆ. ಆಳವಾದ ಬಾವಿಯ ತಳದಲ್ಲಿ ಬೆಳಕು ಕಡಿಮೆ, ಗಾಳಿ ಕಡಿಮೆ. ಪಿಕಾಸಿಯ ಸದ್ದಿನಲ್ಲಿ ಮೇಲಿನ ಮಾತು ಕೇಳಿಸುವುದಿಲ್ಲ. ಒಂಟಿಯಾಗಿ ಅಗೆಯುವವನಿಗೆ ಇದ್ದಕ್ಕಿದ್ದಂತೆ ಎದೆ ಝಲ್ಲೆನ್ನುತ್ತದೆ, ಎಲ್ಲರೂ ತನ್ನನ್ನು ಇಲ್ಲೇ ಬಿಟ್ಟು ಹೋದರೇನೋ ಅನ್ನಿಸುತ್ತದೆ. ಆಗ ಅವನು ಕೈಹಗ್ಗವನ್ನು ಒಮ್ಮೆ ಜಗ್ಗುತ್ತಾನೆ. ಮೇಲಿನಿಂದ ಮೇಸ್ತ್ರಿಯೂ ಒಮ್ಮೆ ಜಗ್ಗುತ್ತಾನೆ. ಅಷ್ಟೇ. ಇದ್ದೀಯಾ ಎಂದು ಇವನು ಕೇಳಿದ ಹಾಗೆ, ಇದ್ದೇನೆ ಎಂದು ಅವನು ಹೇಳಿದ ಹಾಗೆ. ಜಗ್ಗದೆ ಇದ್ದಾಗಲೂ ಹಗ್ಗದಲ್ಲಿ ಒಂದು ಸಣ್ಣ ಬಿಗಿ ಇರಬೇಕು. ಆ ಬಿಗಿಯನ್ನು ಉಳಿಸಿಕೊಳ್ಳುವುದೇ ಮೇಸ್ತ್ರಿಯ ಕೈಗುಣ.

ಇದಕ್ಕೊಂದು ಕಟ್ಟಳೆ ಇತ್ತು. ಕೈಹಗ್ಗವನ್ನು ಗೂಟಕ್ಕೆ ಕಟ್ಟುವಂತಿಲ್ಲ, ಕಲ್ಲಿಗೆ ಸುತ್ತುವಂತಿಲ್ಲ, ಇನ್ನೊಬ್ಬನ ಕೈಗೆ ಕೊಡುವಂತಿಲ್ಲ. ಕೆಳಗೆ ಮನುಷ್ಯ ಇರುವ ತನಕ ಅದು ಮೇಸ್ತ್ರಿಯದು. ಅವನು ಬಾವಿಯ ಅಂಚು ಬಿಟ್ಟು ಏಳುವಂತಿಲ್ಲ. ಅವನು ಹಗ್ಗ ಹಿಡಿಯುವುದು ಎಡಗೈಯಲ್ಲಿ. ಬಲಗೈ ಶಿಲುಬೆಯ ಗುರುತು ಹಾಕುವುದಕ್ಕೆ, ಮುದ್ದೆ ಮುರಿಯುವುದಕ್ಕೆ ಬಿಡುವಾಗಿರಬೇಕು. ನಮ್ಮ ಕೇರಿಯಲ್ಲಿ ಯಾರು ಮೇಸ್ತ್ರಿ ಎಂದು ಕೇಳಬೇಕಾಗಿರಲಿಲ್ಲ. ಎಡ ಅಂಗೈ ನೋಡಿದರೆ ಸಾಕಿತ್ತು.

ಆ ಕಾಲದ ಮೇಸ್ತ್ರಿ ಇನ್ನಾಸಪ್ಪ. ಎತ್ತರದ ಆಳು, ನೆಟ್ಟಗೆ ನಿಲ್ಲುವವನು. ಮಾತು ಕಡಿಮೆ, ಹೇಳಿದ್ದನ್ನು ಎರಡನೆಯ ಸಲ ಹೇಳುವವನಲ್ಲ. ಅವನ ಗುಂಪಿನಲ್ಲಿ ಕೆಳಗಿಳಿದು ಅಗೆಯುವವನು ಚೌರಪ್ಪ. ಹೊಸದಾಗಿ ಮದುವೆಯಾಗಿದ್ದ. ಹೆಂಡತಿ ಜ್ಞಾನಮ್ಮ ಬಸುರಿ. ಚೌರಪ್ಪ ಗಟ್ಟಿಗನೇ. ಆದರೆ ಅವನಿಗೊಂದು ಚಾಳಿ ಇತ್ತು. ಬೇರೆಯವರು ದಿನಕ್ಕೊಮ್ಮೆ, ಎರಡು ಸಲ ಕೈಹಗ್ಗ ಜಗ್ಗಿದರೆ ಇವನು ಗಳಿಗೆ ಗಳಿಗೆಗೂ ಜಗ್ಗುತ್ತಿದ್ದ. ಜೊತೆಯವರು ಅವನನ್ನು ಆಡಿಕೊಳ್ಳುತ್ತಿದ್ದರು. ಇನ್ನಾಸಪ್ಪ ಮಾತ್ರ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಚೌರಪ್ಪ ಎಷ್ಟು ಸಲ ಜಗ್ಗಿದನೋ ಇವನೂ ಅಷ್ಟು ಸಲ ಜಗ್ಗಿದ.

ಒಬ್ಬ ವ್ಯಾಪಾರಿ ತನ್ನ ತೋಟದಲ್ಲಿ ಬಾವಿ ತೋಡಿಸಲು ಇವರನ್ನು ಕರೆಸಿದ. ಕೆಟ್ಟವನಲ್ಲ. ಹೊತ್ತಿಗೆ ಸರಿಯಾಗಿ ಊಟ ಕಳಿಸುತ್ತಿದ್ದ. ಬಾವಿಯ ಹತ್ತಿರ ನಿಂತು ಮಾತಾಡುವುದು ಅವನಿಗೆ ಇಷ್ಟ. ಇವರು ಕೆಳಗಿಳಿಯುವ ಮುಂಚೆ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು ನೋಡಿ ಒಂದು ದಿನ ಚೌರಪ್ಪನನ್ನು ಕೆಣಕಿದ.

"ಏನಪ್ಪಾ, ಅಷ್ಟು ಆಳಕ್ಕೆ ಇಳೀತೀಯಲ್ಲ, ಆಗ ನಿಮ್ ದೇವ್ರು ಎಲ್ಲಿರ್ತಾನೆ?"

ಚೌರಪ್ಪ ಎದೆಗೆ ಹಗ್ಗ ಕಟ್ಟಿಸಿಕೊಳ್ಳುತ್ತಿದ್ದ. ಹಿಂದೆ ಮುಂದೆ ನೋಡದೆ ಹೇಳಿದ.

"ಮ್ಯಾಲವ್ನೆ ಸಾವ್ಕಾರ್ರೆ. ನಮ್ ಇನ್ನಾಸಣ್ಣನ್ ಹಂಗೆ, ಹಗ್ಗ ಹಿಡ್ಕಂಡ್ ಕುಂತವ್ನೆ."

ಉತ್ತರ ಎಲ್ಲರಿಗೂ ಹಿಡಿಸಿತು. ವ್ಯಾಪಾರಿಯೂ ತಲೆದೂಗಿದ. ನಮ್ಮ ಜನ ಅದನ್ನು ಕೇರಿಗೆಲ್ಲ ಹೇಳಿಕೊಂಡು ಬಂದರು. ಎಷ್ಟು ಚೆನ್ನಾಗಿ ಹೇಳಿದ ನೋಡು ನಮ್ಮ ಹುಡುಗ ಎಂದರು. ದೇವರೆಂದರೆ ಮೇಲೆ ಕೂತು ಹಗ್ಗ ಹಿಡಿದವನು ಎಂದೇ ನಮ್ಮವರೆಲ್ಲ ತಿಳಿದಿದ್ದರು. ಬಾವಿ ತೋಡುವವರಿಗೆ ಹಾಗಲ್ಲದೆ ಇನ್ನು ಹೇಗೆ ತೋಚಬೇಕು?

ಬಾವಿ ಇಳಿಯಿತು. ಕೆಂಪು ಮಣ್ಣು ಹೋಯಿತು, ಗಟ್ಟಿ ಗರಸು ಹೋಯಿತು. ಅದರ ಕೆಳಗೆ ಮರಳು ಬೆರೆತ ಸಡಿಲ ಮಣ್ಣು ಸಿಕ್ಕಿತು. ಅಂಥ ಮಣ್ಣಿಗೆ ನಮ್ಮವರು ಹೆದರುತ್ತಾರೆ. ನೀರು ಹತ್ತಿರ ಇದೆ ಎಂದು ಅದು ಆಸೆ ತೋರಿಸುತ್ತದೆ, ಗೋಡೆ ನಿಲ್ಲುವುದಿಲ್ಲ ಎಂದೂ ಅದೇ ಹೇಳುತ್ತದೆ. ಮಾರನೆಯ ದಿನ ಗೋಡೆಗೆ ಹಲಗೆ ಕೊಟ್ಟು ಮುಂದುವರಿಯೋಣ ಎಂದು ಇನ್ನಾಸಪ್ಪ ಹೇಳಿದ. ಇದ್ದ ಮಣ್ಣನ್ನು ಮಂಕರಿಗೆ ತುಂಬಿ ಮೇಲೆ ಕಳಿಸುವುದಷ್ಟೇ ಅವತ್ತು ಉಳಿದ ಕೆಲಸ.

ಮಧ್ಯಾಹ್ನದ ಹೊತ್ತಿಗೆ ಒಂದು ಕಡೆಯ ಗೋಡೆ ಜಾರಿತು.

ಚೌರಪ್ಪ ಓಡಲು ಅಲ್ಲಿ ಜಾಗವೆಲ್ಲಿ? ಮಣ್ಣು ಅವನನ್ನು ಎದೆಯ ತನಕ ಹೂತು ನಿಲ್ಲಿಸಿತು. ಒಂದು ಕೈ ಒಳಗೆ ಸಿಕ್ಕಿತು, ಇನ್ನೊಂದು ಹೊರಗೆ ಉಳಿಯಿತು. ಕಣ್ಣಿಗೆ, ಕಿವಿಗೆ, ಬಾಯಿಗೆ ಧೂಳು ತುಂಬಿತು. ಮುಖ ಜಾರಿದ ಗೋಡೆಯ ಕಡೆಗೇ ಇತ್ತು. ಕತ್ತನ್ನು ಹಿಂದಕ್ಕೆ ತಿರುಗಿಸಲು ಆಗಲಿಲ್ಲ.

ಆಗ ಕೈಹಗ್ಗ ಒಮ್ಮೆ ಜಗ್ಗಿತು.

ಅದು ಇನ್ನಾಸಪ್ಪ. ಚೌರಪ್ಪ ಬಿಡುವಾಗಿದ್ದ ಕೈಯಿಂದ ಹಗ್ಗ ಹುಡುಕಿ ತಾನೂ ಒಮ್ಮೆ ಜಗ್ಗಿದ. ಬದುಕಿದ್ದೇನೆ ಎಂದು ಹೇಳಿದ ಹಾಗಾಯಿತು. ಅವನಿಗೆ ಧೈರ್ಯ ಬಂತು. ಮೇಲೆ ಮೇಸ್ತ್ರಿ ಇದ್ದಾನೆ, ಇನ್ನು ಏನಾದರೂ ಮಾಡುತ್ತಾನೆ ಎಂದು ಕಾದ.

ಕತ್ತು ಮೇಲೆತ್ತಿ ನೋಡಿದ. ಧೂಳಿನ ಆಚೆ ಬಾವಿಯ ಬಾಯಿ ಕಂಡಿತು. ಅಂಚಿನಲ್ಲಿ ಒಂದು ತಲೆಯೂ ಇರಲಿಲ್ಲ. ಕಿವಿಗೊಟ್ಟು ಕೇಳಿದ. ಒಂದು ಕೂಗೂ ಇರಲಿಲ್ಲ. ಗೋಡೆ ಜಾರಿದರೆ ಅಂಚಿನಲ್ಲಿ ನಿಂತವರು ಹಿಂದೆ ಸರಿಯಬೇಕು, ಇಲ್ಲವಾದರೆ ಅವರ ಭಾರಕ್ಕೆ ಇನ್ನಷ್ಟು ಮಣ್ಣು ಇಳಿಯುತ್ತದೆ. ಯಾರೂ ಕೂಗಲೂಬಾರದು. ಕೂಗಿದರೆ ಸಡಿಲ ಗೋಡೆ ಬೀಳುತ್ತದೆ ಎಂದು ನಮ್ಮವರ ನಂಬಿಕೆ. ನಿಜವೋ ಸುಳ್ಳೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ಇದೆಲ್ಲ ಚೌರಪ್ಪನಿಗೂ ಗೊತ್ತಿದ್ದದ್ದೇ. ಆದರೆ ಮೇಲೆ ನಿಂತಾಗ ಗೊತ್ತಿರುವುದು ಕೆಳಗೆ ಹೂತುಕೊಂಡಾಗ ನೆನಪಿಗೆ ಬರುವುದಿಲ್ಲ. ನಿನಗೂ ಈಗ ಅದು ತಿಳಿದಿರಬೇಕು.

ಅವನು ಕೈಹಗ್ಗವನ್ನು ಜಗ್ಗಿದ. ಮೇಲಿನಿಂದ ಉತ್ತರ ಬರಲಿಲ್ಲ.

ಇನ್ನೊಮ್ಮೆ ಜಗ್ಗಿದ. ಹಗ್ಗ ತಡೆಯಿಲ್ಲದೆ ಕೆಳಗೆ ಬಂತು. ಸಡಿಲಾಗಿತ್ತು. ಬರಬರುತ್ತ ಇನ್ನೂ ಸಡಿಲಾಯಿತು. ಸುರುಳಿ ಸುರುಳಿಯಾಗಿ ಅವನ ತಲೆಯ ಮೇಲೆ, ಭುಜದ ಮೇಲೆ, ಮುಂದಿನ ಮಣ್ಣಿನ ಮೇಲೆ ಬಿತ್ತು.

ನಮ್ಮವರಲ್ಲಿ ಕೈಹಗ್ಗ ಸಡಿಲಾಯಿತು ಎಂದರೆ ಒಂದೇ ಅರ್ಥ. ಮೇಸ್ತ್ರಿ ಎದ್ದು ಹೋದ. ಬೇರೆ ಅರ್ಥ ಇರಬಹುದೆಂದು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ಕೂತ ಜಾಗ ಬಿಟ್ಟು ಮೇಸ್ತ್ರಿ ಎದ್ದದ್ದನ್ನು ನಮ್ಮ ಅಜ್ಜಂದಿರೂ ನೋಡಿರಲಿಲ್ಲ.

ಚೌರಪ್ಪನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಬಾಯಲ್ಲಿದ್ದ ಮಣ್ಣನ್ನು ಉಗಿದು, ಇದ್ದಷ್ಟು ಉಸಿರಿನಲ್ಲಿ ಬೈದ.

"ಎದ್ದೋದ್ಯಾ ಇನ್ನಾಸಣ್ಣ? ಬೆದ್ರುಕೊಂಡು ಎದ್ದೋದ್ಯಾ? ನಿನ್ ಕೈ ನಂಬ್ಕಂಡ್ ಇಳಿದ್ನಲ್ಲೋ!" ಆಮೇಲೆ ದೇವರನ್ನೂ ಕೇಳಿದ. "ಸರ್ವೇಶ್ವರಾ, ನೀನೂ ಅವನ್ ಜೊತೇಲೇ ಎದ್ದೋದ್ಯಾ?"

ಜ್ಞಾನಮ್ಮನ ಮುಖ ನೆನಪಾಯಿತು. ಹುಟ್ಟುವ ಮಗುವಿನ ಮುಖ ನೋಡುವುದಿಲ್ಲವಲ್ಲ ಅನ್ನಿಸಿತು. ಜಪ ಹೇಳಲು ಹೋದ, ಮಾತು ಬರಲಿಲ್ಲ. ಸಡಿಲ ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಸಾಯಲು ಸಿದ್ಧನಾದ ಎಂದು ನಾನು ಹೇಳುವುದಿಲ್ಲ, ಯಾರೂ ಅಷ್ಟು ಸುಲಭವಾಗಿ ಸಿದ್ಧರಾಗುವುದಿಲ್ಲ. ಆದರೆ ಅವನು ಕಾಯುವುದನ್ನು ಬಿಟ್ಟ.

ಆಗ ಅವನ ತಲೆಯ ಮೇಲೆ ಒಂದು ಕೈ ಬಂತು. ಅದು ಅವನ ಕಣ್ಣಿನ ಮಣ್ಣು ಒರೆಸಿತು, ಮೂಗು ಬಾಯಿ ಒರೆಸಿತು. ಒರಟು ಕೈ. ಅಂಗೈಯ ಉದ್ದಕ್ಕೂ ಹಗ್ಗ ಉಜ್ಜಿ ದಡ್ಡುಗಟ್ಟಿತ್ತು. ಎಡಗೈ.

"ಉಸ್ರು ಸಣ್ಣಗೆ ತಕ್ಕೊ," ಎಂದು ಕಿವಿಯ ಹತ್ತಿರ ಇನ್ನಾಸಪ್ಪ ಪಿಸುಗುಟ್ಟಿದ. "ಬಯ್ಯಾದು ಆಮ್ಯಾಕ್ ಬಯ್ಯುವಂತೆ. ನಾನಿಲ್ಲೇ ಇವ್ನಿ."

ಮೇಲೆ ನಡೆದದ್ದು ಇಷ್ಟು. ಚೌರಪ್ಪ ಜಗ್ಗಿದ್ದು ತಿಳಿದೊಡನೆ ಇನ್ನಾಸಪ್ಪ ಎಲ್ಲರನ್ನೂ ಕೈಸನ್ನೆಯಿಂದ ದೂರ ಕಳಿಸಿದ. ದಪ್ಪ ಹಗ್ಗ ಇಳಿಸಿ ಎಳೆಯೋಣ ಎಂದು ಒಬ್ಬ ಸನ್ನೆ ಮಾಡಿದ. ಎದೆಯ ತನಕ ಹೂತವನನ್ನು ಮೇಲಿನಿಂದ ಎಳೆದರೆ ಮನುಷ್ಯ ಬರುವುದಿಲ್ಲ, ಮೈ ಹರಿಯುತ್ತದೆ. ಯಾರಾದರೂ ಕೆಳಗಿಳಿದು ಕೈಯಿಂದ ಮಣ್ಣು ತೆಗೆಯಬೇಕು. ಇನ್ನಾಸಪ್ಪ ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ. ತನ್ನ ಕೈಯಲ್ಲಿದ್ದ ಕೈಹಗ್ಗದ ತುದಿಯನ್ನು ತನ್ನ ಎದೆಗೇ ಸುತ್ತಿ ಕಟ್ಟಿಕೊಂಡ. ಶಿಲುಬೆಯ ಗುರುತು ಹಾಕಿಕೊಂಡ. ಎದುರು ಕಡೆಯ ಗಟ್ಟಿ ಗೋಡೆಯಲ್ಲಿ ಕಾಲಿಡಲು ಕಡಿದಿದ್ದ ಗುಳಿಗಳನ್ನು ಹಿಡಿದು ಸದ್ದಿಲ್ಲದೆ ಇಳಿದ. ಅವನು ಇಳಿದ ಹಾಗೆ ಹಗ್ಗ ಸಡಿಲಾಗಿ ಕೆಳಗೆ ಬಿತ್ತು.

ಚೌರಪ್ಪ ಕತ್ತು ತಿರುಗಿಸಲಾರದೆ ಕೇಳಿದ. "ನೀ ಯಾಕಣ್ಣ ಬಂದೆ? ಇದೂ ಬಿದ್ರೆ ಇಬ್ರೂ ಹೋಗ್ತೀವಿ."

"ಹಗ್ಗ ನಂದು ಕಣ್ಲಾ," ಎಂದ ಇನ್ನಾಸಪ್ಪ. "ಯಾರ್ ಕೈಗ್ ಕೊಟ್ ಬರ್ಲಿ?"

ಅವನು ಮಾಡಿದ ಮೊದಲ ಕೆಲಸ ಕೇಳು. ಮಣ್ಣು ತೆಗೆಯಲು ಕೂಡಲೇ ಬಾಗಲಿಲ್ಲ. ಜಾರಿದ ಗೋಡೆಗೂ ಚೌರಪ್ಪನಿಗೂ ನಡುವೆ ಹೋಗಿ ನಿಂತ. ಗೋಡೆಗೆ ಬೆನ್ನು ಕೊಟ್ಟ. ಹಾಗೆ ನಿಂತುಕೊಂಡೇ ಎರಡೂ ಕೈಯಿಂದ ಮಣ್ಣು ಬಾಚಿ ಮಂಕರಿಗೆ ತುಂಬಿದ. ಮೇಲಿನವರು ಸದ್ದಿಲ್ಲದೆ ಎಳೆದರು, ಖಾಲಿ ಮಂಕರಿ ಇಳಿಸಿದರು. ಚೌರಪ್ಪನ ಎದೆ ಬಿಡುವಾಯಿತು, ಸಿಕ್ಕಿದ್ದ ಕೈ ಹೊರಗೆ ಬಂತು. ಈಗ ಇಬ್ಬರೂ ಎದುರುಬದುರಾಗಿ ಅಗೆದರು. ಅವರಿಬ್ಬರ ನಡುವೆ ಕೈಹಗ್ಗ ಮಣ್ಣಿನಲ್ಲಿ ಸುರುಳಿಯಾಗಿ ಬಿದ್ದಿತ್ತು. ಅದರ ಕಡೆ ಯಾರೂ ನೋಡಲಿಲ್ಲ.

ಮೊಣಕಾಲಿನ ತನಕ ಬಿಡಿಸಿದಾಗ ಗೋಡೆ ಮತ್ತೆ ಜಾರಿತು. ಈ ಸಲ ಅದು ಇನ್ನಾಸಪ್ಪನ ಬೆನ್ನಿನ ಮೇಲೆ ಬಿತ್ತು. ಚೌರಪ್ಪ ಕಣ್ಣಾರೆ ಕಂಡ. ಎತ್ತರದ ಆಳು ಮಡಿಸಿದ ಹಾಗೆ ಬಾಗಿದ. ಆದರೆ ಬೀಳಲಿಲ್ಲ. ಎರಡೂ ಕೈಗಳನ್ನು ಚೌರಪ್ಪನ ಹೆಗಲಿನ ಮೇಲೆ ಊರಿ, ಅವನ ಮೇಲೆ ಚಪ್ಪರದ ಹಾಗೆ ನಿಂತ. ಮಣ್ಣು ಅವನ ಬೆನ್ನಿನಿಂದ ಎರಡೂ ಪಕ್ಕಕ್ಕೆ ಇಳಿದು ಹೋಯಿತು. ಚೌರಪ್ಪನ ಮೇಲೆ ಬಿದ್ದದ್ದು ಹಿಡಿಯಷ್ಟೂ ಇಲ್ಲ.

ಇಬ್ಬರೂ ಸೇರಿ ಕಾಲನ್ನೂ ಬಿಡಿಸಿದ ಮೇಲೆ ಇನ್ನಾಸಪ್ಪ ದಪ್ಪ ಹಗ್ಗಕ್ಕೆ ಮೊದಲು ಚೌರಪ್ಪನನ್ನೇ ಕಟ್ಟಿ ಕಳಿಸಲು ಹೋದ. ಅವನು ಒಪ್ಪಲಿಲ್ಲ. ಇನ್ನಾಸಪ್ಪ ಹೇಳಿದ್ದನ್ನು ಎರಡನೆಯ ಸಲ ಹೇಳುವವನಲ್ಲ ಎಂದೆನಲ್ಲ, ಅವತ್ತು ಎರಡನೆಯ ಸಲ ಹೇಳಿದ. ಚೌರಪ್ಪ ಮೇಲೇರಿದ ಹಾಗೆ ಕೈಹಗ್ಗದ ಸುರುಳಿ ಬಿಚ್ಚಿಕೊಂಡಿತು, ಬಿಗಿಯಾಯಿತು. ಮೇಲೆ ಬಂದವನು ನೀರು ಕೇಳಲಿಲ್ಲ, ಮಲಗಲಿಲ್ಲ. ಬಾವಿಯ ಅಂಚಿನಲ್ಲಿ ಮೇಸ್ತ್ರಿ ಕೂರುವ ಜಾಗದಲ್ಲಿ ಕೂತ. ಎಡಗೈಯಲ್ಲಿ ಕೈಹಗ್ಗ ಹಿಡಿದು ಒಮ್ಮೆ ಜಗ್ಗಿದ. ಕೆಳಗಿನಿಂದ ಒಮ್ಮೆ ಜಗ್ಗಿದ ಉತ್ತರ ಬಂತು. ಇನ್ನಾಸಪ್ಪನನ್ನು ಮೇಲೆ ಎಳೆದು ಚಾಪೆಯ ಮೇಲೆ ಮಲಗಿಸುವ ತನಕ ಅವನು ಆ ಹಗ್ಗವನ್ನು ಯಾರಿಗೂ ಕೊಡಲಿಲ್ಲ.

ಇನ್ನಾಸಪ್ಪ ಬದುಕಿದ. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಅಲ್ಲಿಂದ ಮುಂದೆ ಅವನು ಬಾಗಿಯೇ ನಡೆದ.

ವ್ಯಾಪಾರಿ ಅವನನ್ನು ನೋಡಲು ಕೇರಿಗೆ ಬಂದ. ಅವನಿಗೆ ನಿಜವಾಗಿಯೂ ನೋವಾಗಿತ್ತು. ಹಣ್ಣು ಹಂಪಲು ಇಟ್ಟು, ಹೊರಗೆ ಬಂದು ಚೌರಪ್ಪನ ಹತ್ತಿರ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ.

"ಬೇಜಾರು ಮಾಡ್ಕೋಬೇಡಪ್ಪ. ಮೇಸ್ತ್ರಿ ಅನ್ನಿಸಿಕೊಂಡೋನು ಮೇಲೆ ನಿಂತು ಆಳು ಕಳಿಸಬೇಕಿತ್ತು. ದೊಡ್ಡೋನು ಗುಂಡಿಗೆ ಇಳಿದ್ರೆ ಅವನಿಗೇನು ಬೆಲೆ ಉಳೀತು? ಈಗ ನೋಡು, ನೆಟ್ಟಗೆ ನಿಲ್ಲೋಕೂ ಆಗಲ್ಲ."

ಅವತ್ತು ಚೌರಪ್ಪ ಕೊಟ್ಟ ಉತ್ತರವನ್ನು ನಮ್ಮ ಕೇರಿಯಲ್ಲಿ ಈಗಲೂ ಹೇಳುತ್ತಾರೆ. ಅದನ್ನು ಹೇಳುವಾಗ ಮುದುಕರೂ ನೆಟ್ಟಗೆ ಕೂರುತ್ತಾರೆ.

"ಮ್ಯಾಲ್ ನಿಂತ್ಕಂಡು ಆಳ್ ಕಳ್ಸೋ ದೊಡ್ಡೋರು ಊರ್ ತುಂಬ ಅವ್ರೆ ಸಾವ್ಕಾರ್ರೆ. ಗುಂಡಿಗ್ ಇಳ್ದೋನು ಒಬ್ನೇ. ಅವ್ನು ನಮ್ಮೋನು." ಆಮೇಲೆ ಹೇಳಿದ. "ಅವತ್ತು ದೇವ್ರು ಎಲ್ಲವ್ನೆ ಅಂತ ಕೇಳಿದ್ರಲ್ಲ, ನಾನು ತಪ್ ಹೇಳ್ಬುಟ್ಟೆ. ಮ್ಯಾಲಲ್ಲ."

ವ್ಯಾಪಾರಿ ತಿರುಗಿ ಒಳಗೆ ಹೋಗಿ, ಮಲಗಿದ್ದ ಇನ್ನಾಸಪ್ಪನಿಗೆ ಕೈಮುಗಿದು ಹೋದ.

ಆ ಬಾವಿಯನ್ನು ನಮ್ಮವರು ಅರ್ಧಕ್ಕೆ ಬಿಡಲಿಲ್ಲ. ಗೋಡೆಗೆ ಹಲಗೆ ಕೊಟ್ಟು, ಕಲ್ಲು ಕಟ್ಟಿ ಮುಗಿಸಿದರು. ಕೆಳಗಿಳಿದವನು ಚೌರಪ್ಪನೇ. ಅಂಚಿನಲ್ಲಿ ಕೂತವನು ಇನ್ನಾಸಪ್ಪನೇ. ಬೆನ್ನು ಬಾಗಿದರೇನು, ಎಡಗೈ ಸರಿಯಾಗಿಯೇ ಇತ್ತು. ನೀರು ಬಂದ ದಿನ ಮೊದಲ ಕೊಡವನ್ನು ದೇವಾಲಯಕ್ಕೆ ತಂದರು. ಅಷ್ಟರಲ್ಲಿ ಚೌರಪ್ಪನಿಗೆ ಹುಟ್ಟಿದ್ದ ಮಗುವಿಗೆ ಆ ನೀರಿನಲ್ಲೇ ಜ್ಞಾನಸ್ನಾನ ಆಯಿತು. ಹೆಸರು ಏನಿಟ್ಟರು ಎಂದು ಕೇಳಬೇಡ, ನಮ್ಮ ಕೇರಿಯಲ್ಲಿ ಆಮೇಲೆ ಹುಟ್ಟಿದವರಲ್ಲಿ ಅರ್ಧ ಜನ ಇನ್ನಾಸಪ್ಪನೇ.

ಪ್ರತಿವರ್ಷ ಶಿಲುಬೆಹಾದಿಯ ದಿನ ಶಿಲುಬೆ ಹೊರುವುದಕ್ಕೆ ಗಟ್ಟಿ ಹೆಗಲಿನವರನ್ನು ಆರಿಸುವುದು ವಾಡಿಕೆ. ಆ ವರ್ಷದಿಂದ ಕೇರಿಯ ಜನ ಬೇರೆ ಯಾರನ್ನೂ ಆರಿಸಲಿಲ್ಲ. ಇನ್ನಾಸಪ್ಪ ಬೇಡವೆನ್ನಲೂ ಇಲ್ಲ. "ಕೊಡ್ರಿ, ನನ್ ಬೆನ್ನಿಗೆ ಅಳತೆ ತಕ್ಕೊಂಡೇ ಮಾಡ್ದಂಗೈತೆ," ಎಂದು ಹೊತ್ತುಕೊಂಡ. ಅವನು ಬಾಗಿ ಮುಂದೆ ನಡೆದರೆ ನಮ್ಮವರು ತಲೆಯೆತ್ತಿ ಹಿಂದೆ ನಡೆಯುತ್ತಿದ್ದರು. ದೊಡ್ಡ ಊರುಗಳ ಮೆರವಣಿಗೆಗಳನ್ನು ಆಮೇಲೆ ನಾನು ಬೇಕಾದಷ್ಟು ನೋಡಿದ್ದೇನೆ. ವಾದ್ಯ, ದೀಪ, ಹೂವು ಎಲ್ಲ ಇರುತ್ತದೆ. ಆದರೆ ನಮ್ಮ ಕೇರಿಯಷ್ಟು ಹೆಮ್ಮೆಯಿಂದ ಶಿಲುಬೆಯ ಹಿಂದೆ ನಡೆದ ಜನರನ್ನು ನಾನು ಇನ್ನೂ ಕಂಡಿಲ್ಲ.

ಇನ್ನೊಂದು ಮಾತು ಉಳಿಯಿತು. ಚೌರಪ್ಪನ ಚಾಳಿ. ಗಳಿಗೆ ಗಳಿಗೆಗೂ ಕೈಹಗ್ಗ ಜಗ್ಗಿ ನೋಡುತ್ತಿದ್ದನಲ್ಲ, ಆ ದಿನದಿಂದ ಅವನು ಜಗ್ಗಿ ನೋಡಲಿಲ್ಲ. ಇಳಿದರೆ ಇಳಿದ, ಅಗೆದರೆ ಅಗೆದ. ಜೊತೆಯವರು ಇದಕ್ಕೂ ಅವನನ್ನು ಆಡಿಕೊಂಡರು. ಅವನು ನಕ್ಕು ಕೆಳಗಿಳಿಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈ ಜಪಸರದ ಮೇಲಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ಅವನಿಗೇ ತಿಳಿದಿರಲಿಲ್ಲ. ಅವನು ಕೇಳಿದ.

"ಚೌರಪ್ಪನ ತಲೆ ಮೇಲೆ ಕೊನೆಗೆ ಒಂದು ಕೈ ಬಂತು, ಗುರುಗಳೇ. ನನ್ನ ಹಗ್ಗ ಇನ್ನೂ ಸಡಿಲಾಗೇ ಇದೆ. ಅದು ಮೊದಲಿನ ಹಾಗೆ ಬಿಗಿಯಾಗಬೇಕಾದ್ರೆ ನಾನು ಯಾವ ಪ್ರಾರ್ಥನೆ ಮಾಡ್ಲಿ?"

ಗುರುಗಳು ಜಪಸರವನ್ನು ಎತ್ತಿ ಅವನ ಕೊರಳಿಗೆ ಹಾಕಿದರು.

"ಅದನ್ನು ಮಾತ್ರ ಕೇಳಿಕೊಳ್ಳಬೇಡಪ್ಪ, ಹಗ್ಗ ಬಿಗಿಯಾಗಬೇಕಾದರೆ ಇಬ್ಬರ ನಡುವೆ ದೂರ ಇರಬೇಕು."